ಹಿತ್ತಾಳೆ ಕಿವಿಯ ಚಕ್ರವರ್ತಿಗಳು

ಲಂಡನ್ನಿನಲ್ಲಿರುವ ತಂಗಿಯ ಮಗ ರಜೆಗೆ ಬಂದಾಗ ಅವನ ಅತ್ತೆಗೆ ಚಾಕೊಲೇಟ್ ಡಬ್ಬ ಕೊಟ್ಟ, ನನಗೆ ಒಂದು ಪುಟ್ಟ ಪ್ಲಾಸ್ಟಿಕ್ ಕವರು. ಕವರಿನೊಳಗೆ ಶರ್ಟಿನ ಗುಂಡಿಗಿಂತ ತುಸು ದೊಡ್ಡದಾದ, ಹಸಿರು ಕಿಲುಬು ಹಿಡಿದ ಒಂದು ಬಿಲ್ಲೆ. "ರೋಮನ್ ನಾಣ್ಯ ಮಾವ, ಕಂಚಿಂದು. ಸಾವಿರದ ಆರುನೂರು ವರ್ಷಕ್ಕಿಂತ ಹಳೇದು" ಅಂದ. ಎಷ್ಟಾಯಿತು ಎಂದು ಕೇಳಿದೆ. ಉಡುಗೊರೆಯ ಬೆಲೆ ಕೇಳಬಾರದು ಎಂಬ ಸಂಸ್ಕಾರ ನಮ್ಮ ಮನೆತನದಲ್ಲಿ ಇಲ್ಲ. "ಎರಡು ಕಾಫಿ ದುಡ್ಡು" ಅಂದವನು ನನ್ನ ಮುಖ ನೋಡಿ "ಲಂಡನ್ ಕಾಫಿ" ಎಂದು ಸೇರಿಸಿದ.

ನನ್ನಾಕೆ ಬಿಲ್ಲೆಯನ್ನು ಅಂಗೈಯಲ್ಲಿಟ್ಟು ತೂಗಿ ನೋಡಿದಳು. "ಅಷ್ಟು ದೊಡ್ಡ ಸಾಮ್ರಾಜ್ಯ ಅಂತೀರಿ, ನಾಣ್ಯ ಇಷ್ಟೇನಾ?" ಪಂಡಿತರು ದಪ್ಪ ಪುಸ್ತಕಗಳಲ್ಲಿ ಕೇಳುವ ಪ್ರಶ್ನೆಯನ್ನು ಅವಳು ಕೊತ್ತಂಬರಿ ಸೊಪ್ಪು ಬಿಡಿಸುತ್ತಾ ಕೇಳಿದ್ದಳು. ಉತ್ತರ ಹುಡುಕಲು ನನಗೆ ಮೂರು ವಾರ ಹಿಡಿಯಿತು. ಅಷ್ಟು ಹೊತ್ತು ಅವಳು ಕಾಯಲಿಲ್ಲ. ಹಾಗಾಗಿ ನಿಮಗೆ ಹೇಳುತ್ತಿದ್ದೇನೆ.

ಮೊದಲು ಇಷ್ಟೇ ಇರಲಿಲ್ಲ. ಕ್ರಿ.ಪೂ. 23ರ ಸುಮಾರಿಗೆ ಆಗಸ್ಟಸ್ ರೋಮಿನ ಚಿಲ್ಲರೆಯನ್ನು ಹೊಸದಾಗಿ ಜೋಡಿಸಿದಾಗ ಹೊರಬಂದ ಸೆಸ್ಟರ್ಷಿಯಸ್ ಅಂಗೈ ತುಂಬುವ ನಾಣ್ಯ, ತೂಕ ಸುಮಾರು 25 ಗ್ರಾಂ. ಎಲ್ಲವನ್ನೂ ಒಟ್ಟಿಗೆ ಕಂಚು ಎಂದು ಕರೆಯುವುದು ರೂಢಿಯಾದರೂ ಅದರಲ್ಲಿ ದೊಡ್ಡದು ಹಿತ್ತಾಳೆಯದು, ಸಣ್ಣ ಆಸ್ ತಾಮ್ರದ್ದು. 4 ಆಸ್‌ಗೆ ಒಂದು ಸೆಸ್ಟರ್ಷಿಯಸ್, 4 ಸೆಸ್ಟರ್ಷಿಯಸ್‌ಗೆ ಒಂದು ಬೆಳ್ಳಿ ಡಿನೇರಿಯಸ್. ಪಾಂಪೇಯಿಯ ಒಂದು ಹೆಂಡದಂಗಡಿಯ ದರ ಗೋಡೆಬರಹವಾಗಿ ಉಳಿದಿದೆ: ಒಂದು ಆಸ್‌ಗೆ ಸಾಧಾರಣ ಮದ್ಯ, ಎರಡಕ್ಕೆ ಅದಕ್ಕಿಂತ ಒಳ್ಳೆಯದು, ನಾಲ್ಕಕ್ಕೆ ಫಲೇರ್ನಿಯನ್ ಎಂಬ ಮೇಲ್ತರದ್ದು. ಅಂದರೆ ಚಕ್ರವರ್ತಿಯ ದೊಡ್ಡ ಮುಖ ಕೊಟ್ಟರೆ ಒಳ್ಳೇ ಮದ್ಯ, ಸಣ್ಣ ಮುಖ ಕೊಟ್ಟರೆ ಹುಳಿ ಮದ್ಯ.

ಚಾಡಿ ನಂಬುವ ದೊರೆಗೆ ಹಿತ್ತಾಳೆ ಕಿವಿ ಎನ್ನುವುದು ನಮ್ಮ ಮಾತು. ರೋಮಿನಲ್ಲಿ ಆ ಕಿವಿಯನ್ನು ಟಂಕಸಾಲೆಯಲ್ಲೇ ಮಾಡಿ ಕೊಡುತ್ತಿದ್ದರು. ಹಿತ್ತಾಳೆ ಮೂಗು, ಹಿತ್ತಾಳೆ ಗಲ್ಲ, ಕಿವಿಯ ಮೇಲೆ ಹಿತ್ತಾಳೆಯ ಎಲೆಕಿರೀಟ. ಪತ್ರಿಕೆ ಇಲ್ಲದ, ಓದಲು ಬಾರದ ಜನರೇ ಹೆಚ್ಚಿದ್ದ ಸಾಮ್ರಾಜ್ಯದಲ್ಲಿ ದೊರೆಯ ಮುಖ ಕಸುಬಿನವನ ಕೈಗೆ ತಲುಪಲು ಇದಕ್ಕಿಂತ ಅಗ್ಗದ ದಾರಿ ಇರಲಿಲ್ಲ. ಗೋಡೆಯ ಮೇಲೆ ಹಚ್ಚಿದ ಮುಖದತ್ತ ನೋಡದೇ ಹೋಗಬಹುದು. ಸಂಬಳದಲ್ಲಿ ಬಂದ ಮುಖವನ್ನು ಬೇಡ ಎನ್ನುವುದು ಹೇಗೆ?

ಆಗಸ್ಟಸನ ಹಿತ್ತಾಳೆಯ ಹಿಂಬದಿಯಲ್ಲಿ ಎಸ್, ಸಿ ಎಂಬ ಎರಡು ಭಾರೀ ಅಕ್ಷರಗಳಿವೆ. ಸೆನೆಟ್ ಸಭೆಯ ನಿರ್ಣಯದಂತೆ ಎಂದು ಅರ್ಥ. ಚಿನ್ನ ಬೆಳ್ಳಿ ಚಕ್ರವರ್ತಿಯ ಕೈಯಲ್ಲಿ, ಸೈನ್ಯ ಚಕ್ರವರ್ತಿಯ ಕೈಯಲ್ಲಿ, ಚಿಲ್ಲರೆಯ ಮೇಲಿನ ದಪ್ಪಕ್ಷರ ಮಾತ್ರ ಸೆನೆಟ್ಟಿಗೆ. ಅಧಿಕಾರ ಕಿತ್ತುಕೊಂಡ ಮೇಲೆ ಹಿರಿಯರಿಗೆ ಶಾಲು ಹೊದಿಸಿ ನಡುಗುರ್ಚಿಯಲ್ಲಿ ಕೂರಿಸುವ ಪದ್ಧತಿಗೆ ಇಷ್ಟು ಹಳೆಯ, ಇಷ್ಟು ತೂಕದ ಸಾಕ್ಷಿ ನಾನು ಬೇರೆ ಕಂಡಿಲ್ಲ.

ಇನ್ನು ಈ ನಾಣ್ಯಗಳನ್ನು ಓದುವ ಬಗೆ. ಮುಂಬಾಗಿಲಲ್ಲಿ ಚಕ್ರವರ್ತಿ ಇರುತ್ತಾನೆ, ಹಿತ್ತಲಲ್ಲಿ ಒಬ್ಬಳು ದೇವಿ ನಿಂತಿರುತ್ತಾಳೆ. ಅವಳ ಹೆಸರು ಒಮ್ಮೆ ಒಮ್ಮತ, ಒಮ್ಮೆ ನೆಮ್ಮದಿ, ಒಮ್ಮೆ ನಿಷ್ಠೆ, ಶಾಂತಿ, ಉಲ್ಲಾಸ, ಭದ್ರತೆ. ಕೈಯಲ್ಲಿ ಒಂದು ತಕ್ಕಡಿಯೋ ಚುಕ್ಕಾಣಿಯೋ ಹಣ್ಣು ತುಂಬಿದ ಕೊಂಬೋ ಇರುತ್ತದೆ. ಇದನ್ನು ಸಾಧನೆಯ ಪಟ್ಟಿ ಎಂದು ಓದಿದವರು ಮೋಸಹೋಗುತ್ತಾರೆ. ಇದು ದಿನಸಿ ಚೀಟಿ. ಮನೆಯಲ್ಲಿ ಮುಗಿದದ್ದನ್ನಷ್ಟೇ ಅದರಲ್ಲಿ ಬರೆಯುತ್ತಾರೆ. ಸಕ್ಕರೆ ಎಂದಿದ್ದರೆ ಡಬ್ಬ ಖಾಲಿ. ಒಮ್ಮತ ಎಂದಿದ್ದರೆ ಅರಮನೆಯಲ್ಲಿ ಯಾರೋ ಚೂರಿ ಮಸೆಯುತ್ತಿದ್ದಾರೆ.

ಕ್ಯಾಲಿಗುಲನ ಚೀಟಿ ನೋಡಿ. ಪಟ್ಟವೇರಿದ ಹೊಸತರಲ್ಲಿ, ಕ್ರಿ.ಶ. 37-38ರಲ್ಲಿ, ಅವನೊಂದು ಸೆಸ್ಟರ್ಷಿಯಸ್ ಹೊಡೆಸಿದ. ಹಿಂಬದಿಯಲ್ಲಿ ಅವನ ಮೂವರು ತಂಗಿಯರು ಸಾಲಾಗಿ ನಿಂತಿದ್ದಾರೆ, ಒಬ್ಬೊಬ್ಬರ ಹೆಸರೂ ಇದೆ. ಅಗ್ರಿಪ್ಪಿನಾ ಭದ್ರತೆಯ ದೇವಿಯಾಗಿ, ಡ್ರೂಸಿಲ್ಲಾ ಒಮ್ಮತದ ದೇವಿಯಾಗಿ, ಜೂಲಿಯಾ ಅದೃಷ್ಟದೇವಿಯಾಗಿ. ಭದ್ರತೆಯಂತೂ ಕಂಬಕ್ಕೆ ಮೊಣಕೈ ಊರಿ ನೆಂಟರ ಮನೆಯ ಜಗುಲಿಯಲ್ಲಿ ನಿಂತ ಹಾಗೆ ನಿರಾಳವಾಗಿದ್ದಾಳೆ. 38ರಲ್ಲಿ ಒಮ್ಮತ ತೀರಿಕೊಂಡಳು. 39ರಲ್ಲಿ ಭದ್ರತೆಯನ್ನೂ ಅದೃಷ್ಟವನ್ನೂ ಪಿತೂರಿಯ ಆರೋಪ ಹೊರಿಸಿ ಅಣ್ಣ ದ್ವೀಪಗಳಿಗೆ ಗಡೀಪಾರು ಮಾಡಿದ. ಅವನದೇ ಇನ್ನೊಂದು ನಾಣ್ಯದಲ್ಲಿ ವೇದಿಕೆ ಹತ್ತಿ ಅಂಗರಕ್ಷಕ ಪಡೆಗೆ ಭಾಷಣ ಮಾಡುತ್ತಿದ್ದಾನೆ, ಯೋಧರು ಧ್ವಜ ಹಿಡಿದು ಕೇಳುತ್ತಿದ್ದಾರೆ. 41ರ ಜನವರಿಯಲ್ಲಿ ಅವನನ್ನು ಕಡಿದವರು ಅದೇ ಪಡೆಯ ಅಧಿಕಾರಿಗಳು. ಭಾಷಣ ಉದ್ದವಾಗಿತ್ತೇನೋ.

ಆಮೇಲಿನ ಕಥೆ ಇನ್ನೂ ಚೆನ್ನಾಗಿದೆ. ಕ್ಯಾಲಿಗುಲನ ಮೇಲಿನ ಸಿಟ್ಟಿಗೆ ಅವನ ಮುಖವಿದ್ದ ಹಿತ್ತಾಳೆ ತಾಮ್ರವನ್ನೆಲ್ಲ ಕರಗಿಸಬೇಕೆಂದು ಸೆನೆಟ್ ನಿರ್ಣಯಿಸಿತು ಎಂದು ಇತಿಹಾಸಕಾರ ಡಯೋ ಕ್ಯಾಸಿಯಸ್ ಬರೆಯುತ್ತಾನೆ. ಕೊನೆಗೂ ಸೆನೆಟ್ಟಿಗೆ ಒಂದು ಕೆಲಸ ಸಿಕ್ಕಿತು ಅನ್ನುವಷ್ಟರಲ್ಲಿ, ಕರಗಿದ ಲೋಹವನ್ನು ಹೊಸ ಚಕ್ರವರ್ತಿ ಕ್ಲಾಡಿಯಸನ ಹೆಂಡತಿ ಮೆಸ್ಸಲೀನಾ ತೆಗೆದುಕೊಂಡು ತನ್ನ ಮೆಚ್ಚಿನ ನಟ ಮ್ನೆಸ್ಟರನ ಪ್ರತಿಮೆಗಳನ್ನು ಮಾಡಿಸಿದಳಂತೆ. ದೊರೆ ಕರಗಿ ನಟನಾದ. ನಟ ಕರಗಿ ದೊರೆಯಾಗುವುದೂ ಉಂಟು, ಅದು ಈ ಅಂಕಣದ ವ್ಯಾಪ್ತಿಗೆ ಬರುವುದಿಲ್ಲ.

ಹಾಗೆಂದು ಎಲ್ಲ ದೊರೆಗಳ ಹಿತ್ತಾಳೆ ಮುಖವನ್ನೂ ಹಗುರವಾಗಿ ಕಾಣುವ ಹಾಗಿರಲಿಲ್ಲ. ಟೈಬೀರಿಯಸನ ಕಾಲದಲ್ಲಿ ಆಗಸ್ಟಸನ ಚಿತ್ರವಿದ್ದ ಉಂಗುರ ಅಥವಾ ನಾಣ್ಯವನ್ನು ಪಾಯಿಖಾನೆಗೋ ಸೂಳೆಮನೆಗೋ ಒಯ್ದರೆ ಮರಣದಂಡನೆಯ ಅಪರಾಧ ಎಂಬಲ್ಲಿಗೆ ಬಂದಿತ್ತು ಎಂದು ಇತಿಹಾಸಕಾರ ಸ್ಯೂಟೋನಿಯಸ್ ಬರೆದಿದ್ದಾನೆ. ಕಷ್ಟ ಊಹಿಸಿ. ರೋಮಿನಲ್ಲಿ ಸಾರ್ವಜನಿಕ ಪಾಯಿಖಾನೆಗಳಿದ್ದವು, ಚಿಲ್ಲರೆ ಎಲ್ಲರ ಸೊಂಟದಲ್ಲೂ ಇತ್ತು. ಬೆಳಗಿನ ಆತುರದಲ್ಲಿ ಹೊರಟವನು ಮೊದಲು ಚೀಲ ಬಿಚ್ಚಿ ಯಾರದು ಆಗಸ್ಟಸ್, ಯಾರದು ಟೈಬೀರಿಯಸ್ ಎಂದು ಆರಿಸಿ, ರಾಜಭಕ್ತಿಯನ್ನು ನಂಬಿಕಸ್ಥ ಗೆಳೆಯನ ಕೈಗೆ ಕೊಟ್ಟು ಒಳಗೆ ಹೋಗಬೇಕು. ಗೆಳೆಯ ಅಷ್ಟರಲ್ಲಿ ಮಾಯವಾದರೆ ದೂರು ಕೊಡಲು ಕಾರಣ ಹೇಳಬೇಕು. ಇದು ಬರೀ ಮಾತಾಗಿ ಉಳಿಯಲಿಲ್ಲ. ಎರಡು ಶತಮಾನದ ನಂತರ ಕ್ಯಾರಕಲ್ಲನ ಆಳ್ವಿಕೆಯಲ್ಲಿ ಒಬ್ಬ ತರುಣ ಚಕ್ರವರ್ತಿಯ ಮುಖದ ನಾಣ್ಯದೊಡನೆ ಸೂಳೆಮನೆಗೆ ಹೋದನೆಂದು ಚಾಡಿಕೋರರು ಹೇಳಿ, ಅವನನ್ನು ಸೆರೆಮನೆಗೆ ಹಾಕಿದರು. ಗಲ್ಲಿನ ದಿನ ಬರುವ ಮೊದಲೇ ಚಕ್ರವರ್ತಿ ಸತ್ತದ್ದರಿಂದ ಹುಡುಗ ಬಚಾವಾದ. ನಾಣ್ಯವಿಲ್ಲದೆ ಅಲ್ಲಿಗೆ ಹೋಗುವುದು ಹೇಗೆ ಎಂದು ಕೇಳುವ ವಕೀಲ ಅವನಿಗೆ ಸಿಕ್ಕಿರಲಿಲ್ಲ.

ನೀರೋ ವಿಷಯದಲ್ಲಿ ಅಚ್ಚು ಕೆತ್ತುವವರನ್ನು ಮೆಚ್ಚಬೇಕು. ವರ್ಷದಿಂದ ವರ್ಷಕ್ಕೆ ಅವನ ಗಲ್ಲ, ಕತ್ತು ಎರಡರ ನಡುವಿನ ಗಡಿರೇಖೆ ಅಳಿಸಿಹೋದದ್ದನ್ನು ಅವರು ಒಂದಿಷ್ಟೂ ಮುಚ್ಚಿಡದೆ ಕೆತ್ತಿದ್ದಾರೆ. ಹಿಂಬದಿಯಲ್ಲಿ ಬಾಗಿಲುಗಳ ದೇವ ಜಾನಸನ ಗುಡಿಯ ಮುಚ್ಚಿದ ಬಾಗಿಲು, ನೆಲಜಲಗಳಲ್ಲೆಲ್ಲ ಶಾಂತಿ ನೆಲೆಸಿತೆಂಬ ಒಕ್ಕಣೆ. ಆ ನಾಣ್ಯಗಳು ಇನ್ನೂ ಕೈಯಿಂದ ಕೈಗೆ ಓಡಾಡುತ್ತಿದ್ದಾಗಲೇ, 66ರಲ್ಲಿ, ಜುದೇಯ ದಂಗೆ ಎದ್ದಿತು. 68ರಲ್ಲಿ ಗಾಲ್ ಪ್ರಾಂತವೂ ದಂಗೆ ಎದ್ದಾಗ ಅವನ ಕಂಚಿನ ನಾಣ್ಯಗಳ ಮೇಲೆ ಸೆನೆಟ್ ಮತ್ತು ಜನತೆಯ ಹೆಸರಿನ ನಾಲ್ಕಕ್ಷರದ ಮೊಹರು ಗುದ್ದಿದರು, ಕೆಲವದರಲ್ಲಿ ಸರಿಯಾಗಿ ಕತ್ತಿನ ಮೇಲೇ. ಜಾಗ ಧಾರಾಳವಾಗಿತ್ತು.

ಅವನ ಬೆನ್ನಿಗೆ, 69ರಲ್ಲಿ, ಒಂದೇ ವರ್ಷದಲ್ಲಿ ನಾಲ್ವರು ಚಕ್ರವರ್ತಿಗಳು. ಅವರಲ್ಲಿ ಒಥೋ ಎಂಬವನು ಮೂರು ತಿಂಗಳು ಆಳಿದ, ರೋಮಿನಲ್ಲಿ ಕಂಚು ಹೊಡೆಸಲಿಲ್ಲ, ಚಿನ್ನ ಬೆಳ್ಳಿಯ ಮೇಲೆ ಜಗತ್ತಿಗೆಲ್ಲ ಶಾಂತಿ ಎಂದು ಬರೆಸಿ ಅಂತರ್ಯುದ್ಧಕ್ಕೆ ಹೊರಟ. ಬೋಳುತಲೆಗೆ ಟೋಪನ್ ಹಾಕುತ್ತಿದ್ದನೆಂದು ಸ್ಯೂಟೋನಿಯಸ್ ಹೇಳುತ್ತಾನೆ. ನಾಣ್ಯದಲ್ಲಿ ಆ ಟೋಪನ್ನು ಸಾಲುಸಾಲಾಗಿ ಬಾಚಿಕೊಂಡು ಬಂದಿದೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎಂದರೆ ಕೋಪ ಬರುವ ಜನ ಇದ್ದಾರೆ. ಇವನಿಗೆ ಜುಟ್ಟೂ ಇರಲಿಲ್ಲ.

ನನಗೆ ತುಂಬ ಇಷ್ಟವಾದದ್ದು ಹೇಡ್ರಿಯನ್ ಹೊಡೆಸಿದ ಸೆಸ್ಟರ್ಷಿಯಸ್. ಪಟ್ಟಕ್ಕೆ ಬಂದ ಹೊಸತರಲ್ಲೇ, ಅವನು ಇನ್ನೂ ರೋಮಿಗೆ ಕಾಲಿಡುವ ಮೊದಲು, ಮಾಜಿ ಕಾನ್ಸಲರಾಗಿದ್ದ ನಾಲ್ವರು ಘಟಾನುಘಟಿಗಳನ್ನು ಪಿತೂರಿಯ ಹೆಸರಿನಲ್ಲಿ ಕೊಂದುಹಾಕಲಾಯಿತು. ನಾನು ಹೇಳಿದ್ದಲ್ಲ, ಸೆನೆಟ್ ಹೇಳಿದ್ದು ಎಂದು ಅವನು ಕೈತೊಳೆದುಕೊಂಡ. ಯಾರೂ ನಂಬಲಿಲ್ಲ. 118ರಲ್ಲಿ ರೋಮಿಗೆ ಬಂದವನೇ ಹದಿನೈದು ವರ್ಷದ ತೆರಿಗೆ ಬಾಕಿ ಮನ್ನಾ ಎಂದು ಸಾರಿದ. ಮೊತ್ತ 90 ಕೋಟಿ ಸೆಸ್ಟರ್ಷಿಯಸ್. ಬಾಕಿಪತ್ರಗಳನ್ನು ಟ್ರಾಜನನ ಚೌಕದಲ್ಲಿ ರಾಶಿ ಹಾಕಿ ಬೆಂಕಿ ಇಟ್ಟರು. ಆ ದೃಶ್ಯ ನಾಣ್ಯದ ಮೇಲಿದೆ. ದಂಡಧಾರಿ ಸೇವಕನೊಬ್ಬ ಒಂದು ಕೈಯಲ್ಲಿ ಕೋಲುಗಳ ಕಟ್ಟು ಹಿಡಿದು, ಇನ್ನೊಂದು ಕೈಯಿಂದ ಕಾಗದದ ಗುಡ್ಡೆಗೆ ಪಂಜು ತಾಗಿಸುತ್ತಿದ್ದಾನೆ. ಕೆಲವು ಅಚ್ಚುಗಳಲ್ಲಿ ಎದುರಿಗೆ ಇಬ್ಬರು ಮೂವರು ನಾಗರಿಕರು ಕೈ ಎತ್ತಿ ಜೈ ಎನ್ನುತ್ತಿದ್ದಾರೆ. ಸುತ್ತ ಮೊತ್ತದ ಸಮೇತ ಬರಹ. ನಾಣ್ಯದ ಮೇಲೆ ಬಜೆಟ್ಟಿನ ಅಂಕಿ ಹಾಕಿಸಿದ ಧೈರ್ಯಕ್ಕೆ ನಮಸ್ಕಾರ.

ಈ ಜೈ ಎನ್ನುವ ಮೂವರನ್ನು ಭೂತಗನ್ನಡಿಯಲ್ಲಿ ನೋಡಬೇಕು. ಉಗುರಿನಷ್ಟು ಜಾಗದಲ್ಲಿ ಕೆತ್ತಿದವನು ಮುಖಕ್ಕೆ ಕಣ್ಣು ಮೂಗು ಇಡುವ ಗೋಜಿಗೆ ಹೋಗಿಲ್ಲ, ಎತ್ತಿದ ಕೈಯನ್ನು ಮಾತ್ರ ಸ್ಪಷ್ಟವಾಗಿ ಮಾಡಿದ್ದಾನೆ. ಸಾಕಲ್ಲ, ಅವರಿಂದ ಬೇಕಾದದ್ದು ಅಷ್ಟೇ. ಸುಟ್ಟದ್ದು ಬಾಕಿಯ ಪತ್ರವೋ ನಾಲ್ಕು ಹೆಣಗಳ ನೆನಪೋ ಎಂದು ಕೇಳುವವನಿಗೆ ಆ ನಾಣ್ಯದಲ್ಲಿ ಜಾಗವಿಲ್ಲ. ಓದುಗರು ಇದರಲ್ಲಿ ಬೇರೆ ಯಾವುದಾದರೂ ಮನ್ನಾವನ್ನು ಕಂಡರೆ ಅದು ಹೇಡ್ರಿಯನ್ನನ ತಪ್ಪು.

ಅವನಿಗಿಂತ ಹಿಂದಿನ ನರ್ವಾ ಪಾಪದ ಮುದುಕ. ಅವನ ಪ್ರಸಿದ್ಧ ನಾಣ್ಯದಲ್ಲಿ ಎರಡು ಕೈಗಳು ಕುಲುಕುತ್ತಿವೆ, ಸೈನ್ಯಗಳ ಒಮ್ಮತ ಎಂದು ಸುತ್ತ ಬರೆದಿದೆ. 97ರಲ್ಲಿ ಅಂಗರಕ್ಷಕರೇ ಅರಮನೆಗೆ ಮುತ್ತಿಗೆ ಹಾಕಿ, ತಮಗೆ ಬೇಕಾದವರನ್ನು ಎಳೆದೊಯ್ದು ಕೊಂದು, ಹಾಗೆ ಕೊಂದದ್ದಕ್ಕೆ ಚಕ್ರವರ್ತಿಯಿಂದ ಬಹಿರಂಗವಾಗಿ ಕೃತಜ್ಞತೆ ಹೇಳಿಸಿದರು. ಕೈ ಕುಲುಕಿದ್ದು ನಿಜವೇ, ತಿರುಚಿದ್ದನ್ನು ಕೆತ್ತಲಿಲ್ಲ ಅಷ್ಟೇ.

ಅಂಗರಕ್ಷಕರ ಪ್ರತಿಭೆ ಪೂರ್ತಿ ಅರಳಿದ್ದು 193ರಲ್ಲಿ. ಆ ಮೊದಲು ಕೊಮೋಡಸ್ ಎಂಬವನು ಸಿಂಹದ ಚರ್ಮವನ್ನು ತಲೆಗೆ ಹೊದ್ದು ಹರ್ಕ್ಯುಲಿಸನ ವೇಷದಲ್ಲಿ ನಾಣ್ಯದ ಮೇಲೆ ಕಾಣಿಸಿಕೊಂಡು, 192ರ ಕೊನೆಯ ರಾತ್ರಿ ಒಬ್ಬ ಪೈಲ್ವಾನನ ಕೈಯಲ್ಲಿ ಕತ್ತು ಹಿಸುಕಿಸಿಕೊಂಡಿದ್ದ. ಅವನ ನಂತರ ಬಂದವನನ್ನು ಮೂರು ತಿಂಗಳಲ್ಲಿ ಅಂಗರಕ್ಷಕರು ಕೊಂದು, ಸಿಂಹಾಸನವನ್ನು ತಮ್ಮ ಠಾಣ್ಯದಲ್ಲಿ ಹರಾಜಿಗೆ ಇಟ್ಟರು. ಒಬ್ಬ ಗೋಡೆಯ ಒಳಗಿನಿಂದ ಕೂಗಿದ, ಇನ್ನೊಬ್ಬ ಹೊರಗಿನಿಂದ. ಒಳಗಿನವನು ತಲೆಗೆ 20,000 ಸೆಸ್ಟರ್ಷಿಯಸ್ ಎಂದಾಗ ಹೊರಗಿದ್ದ ಡಿಡಿಯಸ್ ಜೂಲಿಯಾನಸ್ ಬೆರಳುಗಳನ್ನು ಎತ್ತಿ ತೋರಿಸಿ ಒಂದೇ ಏಟಿಗೆ 25,000 ಎಂದ. ಹರಾಜು ಮುಗಿಯಿತು. ಅಷ್ಟನ್ನೂ ಹಿತ್ತಾಳೆಯಲ್ಲೇ ಎಣಿಸಿ ಕೊಡುವುದಾದರೆ, ನಾಣ್ಯಕ್ಕೆ 25 ಗ್ರಾಂ ಎಂದಿಟ್ಟುಕೊಂಡರೂ ಒಬ್ಬೊಬ್ಬ ಯೋಧನಿಗೆ ಆರೂಕಾಲು ಕ್ವಿಂಟಲ್. ಎತ್ತಿನ ಗಾಡಿ ತರಬೇಕಿತ್ತು.

ಹೀಗೆ ಖರೀದಿಸಿದವನು ತನ್ನ ಸೆಸ್ಟರ್ಷಿಯಸ್ ಮೇಲೆ ಏನು ಬರೆಸಿದ ಗೊತ್ತೆ? ಒಂದರಲ್ಲಿ ಯೋಧರ ಒಮ್ಮತ. ಇನ್ನೊಂದರಲ್ಲಿ ಜಗದ ಸೂತ್ರಧಾರ ಎಂದು ಬರೆದು, ಕೈಯಲ್ಲಿ ಭೂಗೋಳ ಹಿಡಿದು ತಾನೇ ನಿಂತಿದ್ದಾನೆ. ಅಂಗಡಿಯಲ್ಲಿ ಕಲ್ಲಂಗಡಿ ಕೊಂಡು ತಟ್ಟಿ ನೋಡುವವನ ಭಂಗಿ. ಮಗಳು ಡಿಡಿಯಾ ಕ್ಲಾರಾ ಹೆಸರಿನಲ್ಲೂ ನಾಣ್ಯ ಬಂತು, ಅದರ ಹಿಂಬದಿಯಲ್ಲಿ ಕಾಲದ ಉಲ್ಲಾಸ. ಉಲ್ಲಾಸ 66 ದಿನ ನಡೆಯಿತು. ಸೆಪ್ಟಿಮಿಯಸ್ ಸೆವೆರಸ್ ಸೈನ್ಯದೊಡನೆ ರೋಮನ್ನು ಸಮೀಪಿಸಿದಾಗ ಸೆನೆಟ್ ಇವನಿಗೆ ಮರಣದಂಡನೆ ವಿಧಿಸಿತು, ಖಾಲಿ ಅರಮನೆಯಲ್ಲಿ ಒಬ್ಬ ಯೋಧ ಬಂದು ಅದನ್ನು ಜಾರಿಗೆ ತಂದ. ಒಮ್ಮತದ ಯೋಧರು ಯಾರೂ ಅಡ್ಡ ಬರಲಿಲ್ಲ. ಆ ವಿಷಯದಲ್ಲಿ ಅವರಲ್ಲಿ ನಿಜಕ್ಕೂ ಒಮ್ಮತವಿತ್ತು.

ಸೆವೆರಸನ ಮನೆಯ ಚೀಟಿಯಲ್ಲಂತೂ ಒಮ್ಮತ ತಿಂಗಳು ತಿಂಗಳೂ ಬರೆದ ಸಾಮಾನು. ಮಕ್ಕಳಾದ ಕ್ಯಾರಕಲ್ಲ, ಗೇಟಾ ಇಬ್ಬರಿಗೂ ಒಬ್ಬರ ಮುಖ ಕಂಡರೆ ಒಬ್ಬರಿಗಾಗದು. ನಾಣ್ಯದ ಮೇಲೆ ಮಾತ್ರ ಅಣ್ಣತಮ್ಮ ಕೈ ಕೈ ಹಿಡಿದು ನಿಂತರು. ಅಪ್ಪ 211ರ ಫೆಬ್ರವರಿಯಲ್ಲಿ ಬ್ರಿಟನ್ನಿನ ಯಾರ್ಕಿನಲ್ಲಿ ಸಾಯುವಾಗ, ಹೊಂದಿಕೊಂಡಿರಿ, ಸೈನಿಕರ ಜೇಬು ತುಂಬಿಸಿ ಎಂದು ಬುದ್ಧಿ ಹೇಳಿದನಂತೆ. ಮಕ್ಕಳು ಉಪದೇಶದ ಎರಡನೇ ಭಾಗವನ್ನು ಪಾಲಿಸಿದರು. ಡಿಸೆಂಬರಿನಲ್ಲಿ, ಸಂಧಾನಕ್ಕೆಂದು ತಾಯಿ ಕರೆಸಿದ ಕೋಣೆಯಲ್ಲಿ, ಅಣ್ಣನ ಜನ ತಮ್ಮನನ್ನು ತಾಯಿಯ ತೋಳಿನಲ್ಲೇ ಇರಿದರು. ಗೇಟಾನ ಹೆಸರನ್ನು ಶಾಸನಗಳಿಂದ, ಮುಖವನ್ನು ಚಿತ್ರಗಳಿಂದ ಅಳಿಸಲು ಅಪ್ಪಣೆಯಾಯಿತು.

ಇಲ್ಲಿಂದ ಕಥೆ ಒಂದು ಸಣ್ಣ ಊರಿಗೆ ಹೋಗುತ್ತದೆ. ಈಗಿನ ಟರ್ಕಿಯಲ್ಲಿರುವ ಸ್ಟ್ರಾಟೊನಿಕೇಯ ಎಂಬ ಊರು ರಾಜಭಕ್ತಿಯ ಹುರುಪಿನಲ್ಲಿ ತನ್ನ ದೊಡ್ಡ ಕಂಚಿನ ನಾಣ್ಯದ ಮೇಲೆ ಅಣ್ಣತಮ್ಮ ಎದುರುಬದುರಾಗಿರುವ ಚಿತ್ರ ಹೊಡೆಸಿತ್ತು. ಅಪ್ಪಣೆ ಬಂದ ಮೇಲೆ ಆ ನಾಣ್ಯಗಳಲ್ಲಿ ಗೇಟಾನ ಮುಖವನ್ನು ಉಳಿಯಿಂದ ಕೆತ್ತಿ ಸಪಾಟು ಮಾಡಿ, ಮೇಲೆ ಮೊಹರು ಗುದ್ದಿ ಮತ್ತೆ ಚಲಾವಣೆಗೆ ಬಿಟ್ಟರು. ಅಂಥವು ಇಂದಿಗೂ ಉಳಿದಿವೆ. ಎಡಕ್ಕೋ ಬಲಕ್ಕೋ ಗಡ್ಡ ಬಿಟ್ಟ ಕ್ಯಾರಕಲ್ಲ ಹುಬ್ಬು ಗಂಟಿಕ್ಕಿ ಎದುರಿಗಿರುವ ಖಾಲಿ ಜಾಗವನ್ನು ದುರುಗುಟ್ಟಿ ನೋಡುತ್ತಿದ್ದಾನೆ. ಆ ಊರಿನ ಗುಮಾಸ್ತನ ಬಗ್ಗೆ ನನಗೆ ಕನಿಕರ. ನಿನ್ನೆ ನಮಸ್ಕಾರ ಹಾಕಿದ ಮುಖವನ್ನು ಇಂದು ಉಳಿ ಹಿಡಿದು ಒಂದೊಂದೇ ಕೆರೆಯಬೇಕು. ಅದೂ ಸರಿಯಾದ ಮುಖವನ್ನು. ಬೆಳಗಿನ ಮಂಜಿನಲ್ಲಿ ಕೈತಪ್ಪಿ ಪಕ್ಕದ್ದನ್ನು ಕೆರೆದರೆ ಮುಗಿಯಿತು.

ಮೂರನೆಯ ಶತಮಾನದ ನಡುವಿನ ಐವತ್ತು ವರ್ಷದಲ್ಲಿ ಇಪ್ಪತ್ತಕ್ಕೂ ಹೆಚ್ಚು ಚಕ್ರವರ್ತಿಗಳು ಬಂದುಹೋದರು, ಅಚ್ಚು ಕೆತ್ತುವವರಿಗೆ ಮೂಗು ಮುಗಿಸುವಷ್ಟರಲ್ಲಿ ಮುಖ ಬದಲಾಗುತ್ತಿತ್ತು. ವಿವರ ಬೇಡ, ಎರಡು ಸಾಕು. ವಲೇರಿಯನ್ ಪೂರ್ವದಿಕ್ಕಿನ ಉದ್ಧಾರಕ ಎಂದು ಬರೆಸಿ, 260ರಲ್ಲಿ ಪೂರ್ವದಿಕ್ಕಿನ ಶಾಪುರ ದೊರೆಯ ಸೆರೆಯಾಳಾದ. ಅವನ ಮಗ ಗ್ಯಾಲಿಯೀನಸ್ ತನ್ನ ದಂಡುಗಳ ಹೆಸರಿನ ನಾಣ್ಯ ಹೊಡೆಸಿ ಒಂದೊಂದು ದಂಡಿಗೂ ಆರು ಬಾರಿ ಭಕ್ತ, ಆರು ಬಾರಿ ನಿಷ್ಠ ಎಂಬ ಬಿರುದು ಕೆತ್ತಿಸಿದ. ಸಾಲದೆಂದು ಏಳಕ್ಕೆ ಏರಿಸಿದ. 268ರಲ್ಲಿ ಅವನ ಅಧಿಕಾರಿಗಳೇ ಅವನನ್ನು ಕೊಂದರು. ಏಳಕ್ಕೇ ನಿಲ್ಲಿಸಬಾರದಿತ್ತು. ಈ ಬಿರುದು ಕೂತ ನಾಣ್ಯ ಹೆಸರಿಗೆ ಬೆಳ್ಳಿಯದು, ಒಳಗೆ ಹೆಚ್ಚುಪಾಲು ತಾಮ್ರ. 270ರ ಹೊತ್ತಿಗೆ ಬೆಳ್ಳಿ ನೂರಕ್ಕೆ ಮೂರು ಪಾಲಿಗೂ ಕಡಿಮೆಯಾಗಿ, ತಾಮ್ರದ ಬಿಲ್ಲೆಗೆ ಬೆಳ್ಳಿ ಮುಲಾಮು ಹಚ್ಚಿ ಬಿಡುತ್ತಿದ್ದರು. ವಾರ ಬಳಸಿದರೆ ಚಕ್ರವರ್ತಿಯ ಮೂಗಿನ ತುದಿ ಕೆಂಪಾಗುತ್ತಿತ್ತು.

ಈ ವಿಷಯದಲ್ಲಿ ನಮ್ಮ ಕಡೆಯವರ ಜಾಣತನವನ್ನು ಹೇಳಲೇಬೇಕು. 1891ರಲ್ಲಿ ಬೆಂಗಳೂರಿನ ಯಶವಂತಪುರದಲ್ಲಿ ನೆಲ ಅಗೆದಾಗ 163 ರೋಮನ್ ನಾಣ್ಯಗಳ ನಿಧಿ ಸಿಕ್ಕಿತು, ಅಷ್ಟೂ ಬೆಳ್ಳಿ. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಸಿಕ್ಕ ಆಗಸ್ಟಸ್, ಟೈಬೀರಿಯಸರೂ ಬೆಳ್ಳಿಯವರೇ. ಹಾವೇರಿ ಜಿಲ್ಲೆಯ ಅಕ್ಕಿಆಲೂರಿನಲ್ಲಿ ಸಿಕ್ಕದ್ದು ಚಿನ್ನ. ಮೆಣಸು, ಮುತ್ತು, ಬಟ್ಟೆ ಕೊಂಡ ರೋಮನ್ನರಿಂದ ಇಂಡಿಯಾ ವರ್ಷಕ್ಕೆ 5 ಕೋಟಿ ಸೆಸ್ಟರ್ಷಿಯಸ್ ಹೀರುತ್ತಿದೆ ಎಂದು ಪ್ಲಿನಿ ಗೋಳಾಡಿದ್ದು ಸುಮ್ಮನೆ ಅಲ್ಲ. ಆದರೆ ಸೆಸ್ಟರ್ಷಿಯಸ್ ಲೆಕ್ಕದಲ್ಲಿತ್ತು, ಕೈಗೆ ಬಂದದ್ದು ಡಿನೇರಿಯಸ್ ಮತ್ತು ಚಿನ್ನ. ಒಮ್ಮತ, ಭದ್ರತೆ, ಉಲ್ಲಾಸಗಳನ್ನು ಹೊತ್ತ ಹಿತ್ತಾಳೆಯನ್ನು ಮೆಣಸಿನ ವ್ಯಾಪಾರಿ ಮುಟ್ಟಿದಂತೆ ಕಾಣುವುದಿಲ್ಲ. ಅವನಿಗೆ ದೊರೆಯ ಮುಖ ಬೇಕಿರಲಿಲ್ಲ, ಲೋಹ ಬೇಕಿತ್ತು. ತಮಿಳುನಾಡಿನ ಪುದುಕ್ಕೋಟೆಯಲ್ಲಿ ಸಿಕ್ಕ 501 ಚಿನ್ನದ ನಾಣ್ಯಗಳಲ್ಲಿ ಹೆಚ್ಚಿನವುಗಳ ಮೇಲೆ ಚಕ್ರವರ್ತಿಯ ಮುಖಕ್ಕೇ ಅಡ್ಡಲಾಗಿ ಉಳಿಯೇಟು ಬಿದ್ದಿದೆ. ಬೇರೆ ಹಲವು ಚಿನ್ನದ ನಾಣ್ಯಗಳಿಗೆ ತೂತು ಕೊರೆದು ಕೊರಳಿಗೆ ಕಟ್ಟಿಕೊಂಡಿದ್ದಾರೆ. ಟೈಬೀರಿಯಸನಿಗೆ ಗೊತ್ತಾಗಿದ್ದರೆ ಎಷ್ಟು ಜನರ ತಲೆ ಹೋಗುತ್ತಿತ್ತೋ. ಕೊನೆಗಾಲದ ಪುಡಿ ಕಂಚು ಮಾತ್ರ ತಮಿಳುನಾಡಿನ ಕರೂರು, ಮಧುರೆ, ಸಿಂಹಳದ ಕಡೆ ಹೇರಳವಾಗಿ ಸಿಗುತ್ತದೆ. ಅಷ್ಟು ಹೊತ್ತಿಗೆ ರೋಮಿನಲ್ಲಿ ಕೊಡಲು ಬೇರೆ ಏನೂ ಹೆಚ್ಚು ಉಳಿದಿರಲಿಲ್ಲ ಎಂಬುದು ನನ್ನ ಗುಮಾನಿ.

ಆ ಪುಡಿ ಕಂಚಿನ ಯುಗದಲ್ಲೇ ನಮ್ಮಾಕೆಯ ಪ್ರಶ್ನೆಗೆ ಉತ್ತರವಿದೆ. ನಾಲ್ಕನೆಯ ಶತಮಾನದಲ್ಲಿ ಲೋಹ ಕುಗ್ಗಿದಷ್ಟೂ ಮಾತು ಹಿಗ್ಗಿತು. ಕಾನ್‌ಸ್ಟಂಟೈನ್ ತನ್ನ ಹಿರಿಮಗ ಕ್ರಿಸ್ಪಸನ ಮುಖಕ್ಕೆ ಧನ್ಯ ನೆಮ್ಮದಿ ಎಂಬ ಬರಹ ಜೋಡಿಸಿದ, ಹೆಂಡತಿ ಫೌಸ್ಟಾಳ ನಾಣ್ಯಕ್ಕೆ ರಾಜ್ಯದ ಭರವಸೆ ಎಂದು ಬರೆಸಿದ, 326ರಲ್ಲಿ ಮಗನನ್ನು ಕೊಲ್ಲಿಸಿದ, ಅದೇ ವರ್ಷ ಹೆಂಡತಿಯೂ ಸತ್ತಳು. 330ರಿಂದ ಸೈನ್ಯದ ಕೀರ್ತಿ ಎಂಬ ನಾಣ್ಯ ಬಂತು: ಇಬ್ಬರು ಯೋಧರು, ನಡುವೆ ಎರಡು ಧ್ವಜ. ಐದು ವರ್ಷದಲ್ಲಿ ನಾಣ್ಯದ ತೂಕ ಇಳಿಸಿದರು. ಧ್ವಜವೂ ಎರಡರಿಂದ ಒಂದಕ್ಕೆ ಇಳಿಯಿತು. ಯೋಧರು ಇಬ್ಬರೂ ಹಾಗೇ ಇದ್ದಾರೆ, ಬಸ್ಸಿನಲ್ಲಿ ಒಂದೇ ಕಂಬ ಹಿಡಿದು ನಿಂತವರಂತೆ. ಕೀರ್ತಿ ಎಂಬ ಪದದಲ್ಲಿ ಒಂದಕ್ಷರ ಕಡಿತವಾಗಲಿಲ್ಲ.

ಅವನ ಮಗ ಎರಡನೆಯ ಕಾನ್‌ಸ್ಟಾಂಟಿಯಸ್ ಮತ್ತು ತಮ್ಮ ಸೇರಿ 348ರಲ್ಲಿ ಬಿಟ್ಟ ಘೋಷಣೆ: ಫೆಲ್ ಟೆಂಪ್ ರೆಪರಾಟಿಯೋ. ಸುಖದ ಕಾಲ ಮರಳಿ ಸ್ಥಾಪನೆಯಾಯಿತು ಎಂದು ಬಿಡಿಸಿ ಹೇಳುತ್ತಾರೆ. ಬಿಡಿಸದೆ ಓದಿದರೆ ಲ್ಯಾಟಿನ್‌ನಲ್ಲಿ ಫೆಲ್ ಎಂದರೆ ಪಿತ್ತ. ಬರಹದ ನಡುವೆ ರೋಮನ್ ಯೋಧ ಒಬ್ಬ ಕುದುರೆಯಿಂದ ಉರುಳುತ್ತಿರುವ ಶತ್ರುವನ್ನು ಭರ್ಜಿಯಿಂದ ತಿವಿಯುತ್ತಾನೆ, ಬಿದ್ದವನು ತಿರುಗಿ ಕೈ ಚಾಚಿ ಬೇಡುತ್ತಾನೆ. ಸುಖದ ಕಾಲಕ್ಕೆ ಇದೇ ಚಿತ್ರ ಹೊಳೆಯಿತು. ಆರಂಭದ ನಾಣ್ಯಗಳು ಒಳ್ಳೇ ಅಗಲ, ಅಲ್ಪಸ್ವಲ್ಪ ಬೆಳ್ಳಿಯೂ ಇತ್ತು. ಹತ್ತು ವರ್ಷದೊಳಗೆ ಸುಖದ ಕಾಲ ಸೊರಗಿ ಗುಂಡಿಯಷ್ಟಾಯಿತು, ಕುದುರೆ ನಾಯಿಯಷ್ಟಾಯಿತು. ಅದನ್ನೂ ನಿಲ್ಲಿಸಿ ಇನ್ನೂ ಚಿಕ್ಕ ಬಿಲ್ಲೆಯ ಮೇಲೆ ರಾಜ್ಯದ ಭರವಸೆ ಎಂದು ಹೊಡೆದರು. ರೆಯಿಪುಬ್ಲಿಕೇ ಎಂಬ ಪದದಲ್ಲಿ ಇರಬೇಕಾದ ಒಂದು ಅಕ್ಷರವನ್ನೂ ಬಿಟ್ಟರು. ಸುಖ ಮುಗಿದ ಮೇಲೆ ಭರವಸೆ, ಭರವಸೆಯಲ್ಲೂ ಉಳಿತಾಯ.

ಮುಂದಿನದು ಬೇಗ ಹೇಳಿಬಿಡುತ್ತೇನೆ. ವ್ಯಾಲೆನ್ಸ್ ರಾಜ್ಯದ ಭದ್ರತೆ ಎಂಬ ಕಂಚು ಹೊಡೆಸುತ್ತಲೇ ಇದ್ದ, 378ರಲ್ಲಿ ಆಡ್ರಿಯಾನೋಪಲ್ ರಣರಂಗದಲ್ಲಿ ಗೋಥರ ಕೈಯಲ್ಲಿ ಸತ್ತ, ಹೆಣ ಸಿಗಲಿಲ್ಲ. ಹೊನೋರಿಯಸ್ ಕಾಲದಲ್ಲಿ ರೋಮಿನ ಟಂಕಸಾಲೆ ಸುಖೀ ನಗರ ರೋಮ್ ಎಂದು ಹೊಡೆಯಿತು, 410ರಲ್ಲಿ ಗೋಥರ ದೊರೆ ಅಲಾರಿಕ್ ಬಂದು ಮೂರು ದಿನ ದೋಚಿದ. ರೋಮ್ ಹೋಯಿತು ಎಂದಾಗ ಹೊನೋರಿಯಸ್ ಬೆಚ್ಚಿ, ಈಗತಾನೇ ನನ್ನ ಕೈಯಿಂದ ಕಾಳು ತಿಂದಿತ್ತಲ್ಲ ಎಂದನಂತೆ. ರೋಮಾ ಎಂಬುದು ಅವನು ಸಾಕಿದ ಕೋಳಿಯ ಹೆಸರು. ಹೋದದ್ದು ಊರು ಎಂದು ತಿಳಿದ ಮೇಲೆ ಸಮಾಧಾನವಾಯಿತು. ಪ್ರೊಕೋಪಿಯಸ್ ಹೇಳುವ ಕಥೆ ಇದು, ನಡೆದಿತ್ತೋ ಇಲ್ಲವೋ. ಸುಖೀ ಕೋಳಿ ಎಂದು ನಾಣ್ಯ ಹೊಡೆಸಿದ್ದರೆ ಮಾತು ಉಳಿಯುತ್ತಿತ್ತು.

ತಂಗಿಯ ಮಗ ಕೊಟ್ಟದ್ದು ಯಾರ ನಾಣ್ಯ ಎಂದು ಮೂರು ವಾರ ನನಗೂ ತಿಳಿದಿರಲಿಲ್ಲ, ಕಿಲುಬು ಅಷ್ಟಿತ್ತು. ಕಳೆದ ಶುಕ್ರವಾರ ದೇವರ ಮನೆಯ ದೀಪಗಳ ಜೊತೆ ಅದೂ ಹುಣಸೆಹಣ್ಣಿನ ನೀರಿಗೆ ಬಿತ್ತು. ವಿಡಿಯೋ ಕಾಲ್‌ನಲ್ಲಿ ನೋಡಿದ ಹುಡುಗ "ಅಯ್ಯೋ ಅತ್ತೆ, ಆ ಹಸಿರು ಪದರಕ್ಕೇ ಬೆಲೆ ಇರೋದು!" ಎಂದು ಕೂಗಿಕೊಂಡ. "ಕಿಲುಬಿಗೆ ಬೆಲೆನಾ? ನೀನೂ ನಿಮ್ಮ ಮಾವನ ಹಾಗೇ ಆದೆ ಕಣೋ" ಎಂದು ಅವಳು ಇನ್ನೊಮ್ಮೆ ತಿಕ್ಕಿದಳು. ತಾಮ್ರದ ಚೊಂಬಿನಂತೆ ಕೆಂಪಗೆ ಹೊಳೆಯಿತು.

ಕಿಟಕಿಯ ಹತ್ತಿರ ಹಿಡಿದು ಭೂತಗನ್ನಡಿಯಲ್ಲಿ ನೋಡಿದೆ. ಒಂದು ಬದಿಯಲ್ಲಿ ಮುತ್ತಿನ ಪಟ್ಟಿ ಕಟ್ಟಿದ ತಲೆ, ಕಾನ್‌ಸ್ಟಾಂಟಿಯಸನದು. ಇನ್ನೊಂದು ಬದಿಯಲ್ಲಿ ಭರ್ಜಿ, ನಾಯಿಯಂಥ ಕುದುರೆ, ಅರ್ಧ ಉರುಳಿದವನ ಚಾಚಿದ ಕೈ. ಅಚ್ಚು ದೊಡ್ಡದು, ಬಿಲ್ಲೆ ಚಿಕ್ಕದು, ಹಾಗಾಗಿ ಬರಹದ ಮೊದಲೂ ಕೊನೆಯೂ ಲೋಹಕ್ಕೆ ಸಿಗದೆ ಅಂಚಿನಾಚೆ ಹೋಗಿವೆ. ಫೆಲ್ ಇರಬೇಕಾದ ಕಡೆ ಬರೀ ಅಂಚು. ಸುಖ ನಾಣ್ಯದೊಳಗೆ ಹಿಡಿಸಿಲ್ಲ.

"ಏನು ಬರೆದಿದೆ?" ಎಂದು ಅಡುಗೆಮನೆಯಿಂದ ಕೇಳಿದಳು.

"ಟೆಂಪ್ ರೆಪರಾ."

"ಹಾಗಂದ್ರೆ?"

"ಟೆಂಪ್ ಅಂದರೆ ಕಾಲ. ರೆಪರಾ ಅಂದರೆ... ನಮ್ಮ ರಿಪೇರಿ ಇದೆಯಲ್ಲ, ಅದೇ ಪದ."

ಸ್ವಲ್ಪ ಹೊತ್ತು ಮಾತಿಲ್ಲ. ಒರಳಿನಲ್ಲಿ ಏನೋ ಕುಟ್ಟುವ ಸದ್ದು.

"ರಿಪೇರಿ ಅಂದಾಗ ನೆನಪಾಯ್ತು, ಮಿಕ್ಸಿ ಕೊಟ್ಟು ಮೂರು ವಾರ ಆಯ್ತು. ನಾಳೆ ನಾಳೆ ಅಂತಲೇ ಇದ್ದಾನೆ ಅವನು. ಎದ್ದು ಹೋಗಿ ತಗೊಂಡು ಬನ್ನಿ."

ನಾಣ್ಯವನ್ನು ಜೇಬಿಗೆ ಹಾಕಿಕೊಂಡು ಚಪ್ಪಲಿ ಹುಡುಕತೊಡಗಿದೆ.